ಹುಚ್ಚೇಶನ ಕಿವಿ

ವರದಾ ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕಿ. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನಗಳ ಎಂಜಿನ್ ಅಬ್ಬರವನ್ನು ಇಳಿಸುವುದು ಹೇಗೆ ಎಂಬುದು ಅವಳ ಸಂಶೋಧನೆ. ವಿಮಾನವೇನೂ ಅಲ್ಲಿರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಗಾಳಿ ತುಂಬಿದ ಟ್ಯಾಂಕು, ಅದರ ಬಾಯಿಗೆ ಹೆಬ್ಬೆರಳು ಗಾತ್ರದ ಹಿತ್ತಾಳೆ ನಳಿಕೆ, ಪಕ್ಕದಲ್ಲಿ ಮೈಕು. ವಾಲ್ವು ತಿರುಗಿಸಿದರೆ ಇಪ್ಪತ್ತು ಸೆಕೆಂಡು ಗಾಳಿ ಚೀರುತ್ತಿತ್ತು.

ತಿರುಗಿಸುವವನು ಹುಚ್ಚೇಶ, ಇಳಕಲ್ಲಿನ ನೇಕಾರರ ಮನೆಯವನು, ಲ್ಯಾಬಿನ ಗುತ್ತಿಗೆ ನೌಕರ. ಸದ್ದು ತಗ್ಗಲೆಂದು ನಳಿಕೆಯ ಅಂಚಿಗೆ ಅರದಿಂದ ಗರಗಸದಂಥ ಹಲ್ಲು ಕೊರೆಯುತ್ತಿದ್ದವನೂ ಅವನೇ. ಗಾಳಿ ಎಲ್ಲಿ ಸೋರುತ್ತಿದೆಯೆಂದು ಕೇಳಲು ಕಿವಿಗೆ ತುರುಕಿದ ಸ್ಪಂಜು ಕಿತ್ತು ಜೇಬಿಗೆ ಹಾಕುತ್ತಿದ್ದ. ವರದಾ ಅದನ್ನು ನೋಡಿದ್ದಳು. "ನಿನ್ನ ಕಿವಿ ಮೀಟರಿಗಿಂತ ಛಲೋ ಅದ" ಎಂದು ಹೊಗಳಿಯೂ ಇದ್ದಳು.

ಸಂಶೋಧನೆಯ ಎರಡನೆಯ ವರ್ಷ ಒಂದು ಹೊಸ ನಳಿಕೆ ಪರೀಕ್ಷಿಸಿದ ಮಧ್ಯಾಹ್ನ ಹುಚ್ಚೇಶ ಕುಣಿದಾಡಿದ. "ಮೇಡಂ, ಕಮ್ಮಿ ಆತ್ರಿ! ಆ ಚೀರೋದು ಹೋಗೇ ಬಿಡ್ತು!"

ಮೀಟರು ಮೊದಲಿನಂತೆ ನೂರಿಪ್ಪತ್ತೆಂಟು ಡೆಸಿಬೆಲ್ ತೋರಿಸುತ್ತಿತ್ತು. ಮೈಕು ಕೆಟ್ಟಿದೆಯೆಂದುಕೊಂಡು ವರದಾ ಪರೀಕ್ಷಿಸಿದಳು. ಅದು ಸರಿಯಾಗಿತ್ತು. ಆಗ ಲ್ಯಾಪ್‌ಟಾಪಿನಿಂದ ಸಣ್ಣ ಸಿಳ್ಳಿನಂಥ ಒಂದು ಸ್ವರ ಹಾಕಿ, ಮೆಲ್ಲನೆ ಏರಿಸುತ್ತ ಹೋದಳು. ಅವಳಿಗೇ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

"ಕೇಳಸ್ತದೇನು?"

"ಚಾಲೂ ಮಾಡ್ರಿ, ಕೇಳ್ತೇನಿ" ಎಂದ ಹುಚ್ಚೇಶ.

ದವಾಖಾನೆಗೆ ಅವನ ಹೆಂಡತಿ ಶ್ರುತಿಯೂ ಬಂದಳು. "ಕರದ್ರ ಓ ಅನ್ನಂಗಿಲ್ರಿ. ನನ್ ಮ್ಯಾಲ ಸಿಟ್ಟಾಗ್ಯಾರ ಅನ್ಕೊಂಡಿದ್ದೆ" ಎಂದಳು.

ಡಾಕ್ಟರು ಔಷಧಿ ಚೀಟಿ ಬರೆಯಲಿಲ್ಲ. "ಹೋಗಿದ್ದು ಹೋತ್ರಿ. ಉಳದದ್ದನ್ನ ಕಾಯ್ಕೋರಿ."

ಮರುದಿನವೇ ವರದಾ ಅವನು ಶೆಡ್ಡಿಗೆ ಕಾಲಿಡಕೂಡದೆಂದಳು. ಬೇರೆ ಕೆಲಸ ಕೊಡಿಸಿರೆಂದು ಪ್ರಿನ್ಸಿಪಾಲರಿಗೆ ಬರೆದಳು. ಗುತ್ತಿಗೆ ಇರುವುದೇ ಲ್ಯಾಬಿಗೆ, ಬೇರೆ ಹುದ್ದೆ ಇಲ್ಲ ಎಂದು ಉತ್ತರ ಬಂತು. ಅವರ ಕೋಣೆಗೆ ಮೂರು ಸಲ ಹೋಗಿ ಕೂತಳು. ತಪ್ಪು ನನ್ನದೆಂದು ಬರೆದೂ ಕೊಟ್ಟಳು. ತಿಂಗಳ ಕೊನೆಗೆ ಹುಚ್ಚೇಶನ ಕೆಲಸ ಹೋಯಿತು.

ಅವನು ಕೊನೆಗೆ ಕೊರೆದಿಟ್ಟಿದ್ದ, ಇನ್ನೂ ಪರೀಕ್ಷಿಸದೆ ಉಳಿದಿದ್ದ ನಳಿಕೆ ಸದ್ದನ್ನು ಐದು ಡೆಸಿಬೆಲ್ ಇಳಿಸಿತು. ವರದಾಳಿಗೆ ಅದನ್ನು ಯಾರಿಗೂ ಹೇಳಬೇಕೆನಿಸಲಿಲ್ಲ. ಒಂದು ಜೊತೆ ಒಳ್ಳೆಯ ಕಿವಿಗವಸು ಕೊಂಡು ಇಳಕಲ್ಲಿಗೆ ಹೋದಳು.

ಹುಚ್ಚೇಶ ಅಣ್ಣನ ಪವರ್‌ಲೂಮ್ ಶೆಡ್ಡಿನಲ್ಲಿದ್ದ. ಹನ್ನೆರಡು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಅವಳನ್ನು ಕಂಡು ಹೊರಗೆ ಬಂದ.

"ಬ್ಯಾರೆ ಎಲ್ಲೂ ಸಿಗಲಿಲ್ಲೇನು?" ಎಂದು ವರದಾ ಕೂಗಿ ಕೇಳಿದಳು.

"ಇಲ್ಲಿ ನನಗ ತ್ರಾಸಿಲ್ರಿ ಮೇಡಂ. ಸಪ್ಪಳಾನ ಕೇಳಂಗಿಲ್ಲಲ್ರಿ."

ಕಿವಿಗವಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮರಳಿ ಕೊಟ್ಟ. "ಒಳಗ ಆರು ಮಂದಿ ಅದಾರ್ರಿ. ನಾ ಒಬ್ಬನ ಹಾಕ್ಕೊಂಡ್ರ ಹೆಂಗ್ರಿ?"

ಒಳಗೆ ಯಾರೋ ಕೈ ಬೀಸಿ ಕರೆದರು. ದಾರ ಹರಿದಿತ್ತು. ಅವನು ಓಡಿದ. ವರದಾ ಕಿವಿಗವಸನ್ನು ಹಿಡಿದುಕೊಂಡೇ ಬಾಗಲಕೋಟೆಯ ಬಸ್ಸು ಹಿಡಿಯಲು ನಡೆದಳು.