ಗೋಡೆ ತುಂಬ ಕ್ಯಾಸೆಟ್ಟು

ರ‍್ಯಾಕಿನ ಎರಡನೇ ನಟ್ಟು ಸಡಿಲವಾಗುವಷ್ಟರಲ್ಲಿ ಅಂಕಿತಾ ಒಳಕೋಣೆಯಿಂದ ಬಂದು ಅಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಕಿತ್ತುಕೊಂಡಳು.

"ಏನ್ ಮಾಡ್ತಿದೀರಿ ಅಪ್ಪಾಜಿ?"

"ಗ್ವಾಡಿ ಬೇಕಲ್ಲೇನವ್ವ," ಎಂದ ಶಿವಯೋಗಪ್ಪ ಬೆವರು ಒರೆಸಿಕೊಳ್ಳುತ್ತ. "ಅಕ್ಕನ್ನ ಎಲ್ಲಿ ಕುಂದ್ರಿಸೋದು?"

ಅವನು ಹೇಳಿದ್ದು ಸುಳ್ಳಲ್ಲ. ವಿದ್ಯಾನಗರದ ಆ ಎರಡು ಕೋಣೆಯ ಮನೆಯಲ್ಲಿ ಗೋಡೆ ಎಂಬುದೇ ಕಾಣುತ್ತಿರಲಿಲ್ಲ. ಪಡಸಾಲೆಯ ಉದ್ದಕ್ಕೂ ತೂತು ತೂತಿನ ಕಬ್ಬಿಣದ ರ‍್ಯಾಕುಗಳು ನಿಂತಿದ್ದವು. ಕೆಳಗಿನಿಂದ ಸೂರಿನವರೆಗೆ ಕ್ಯಾಸೆಟ್ಟು, ಸಿ.ಡಿ., ಡಿ.ವಿ.ಡಿ. ಕಂಪನಿ ನಾಟಕ, ಹರಿಕಥೆ, ವಚನ, ಕವ್ವಾಲಿ, ಸಿನಿಮಾ ಹಾಡು, ಎಲ್ಲಕ್ಕೂ ಒಂದೊಂದು ನಂಬರು. ಅವನ್ನು ನಲವತ್ತು ವರ್ಷ ಕೂಡಿಹಾಕಿದ ಅವನ ಅಕ್ಕ ಶಕುಂತಲಮ್ಮ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡು, ಈಗ ಒಳಕೋಣೆಯ ಮಂಚದ ಮೇಲೆ ಮಲಗಿದ್ದಳು. ಹೆಂಗಸರು ಮೈ ತೊಳೆದು, ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಇನ್ನು ಪದ್ಧತಿಯಂತೆ ಪಡಸಾಲೆಗೆ ತಂದು ಗೋಡೆಗೆ ಆನಿಸಿ ಕೂರಿಸಬೇಕಿತ್ತು.

"ನಮ್ಮನಿಗೆ ಒಯ್ಯಾನ ಅಂದ್ರೆ ನೀನು ಬ್ಯಾಡ ಅಂದಿ," ಎಂದ ಶಿವಯೋಗಪ್ಪ. ನಿಜಲಿಂಗಪ್ಪ ಬಡಾವಣೆಯಲ್ಲಿ ಅವನದು ದೊಡ್ಡ ಮನೆ. "ಮಲೆಬೆನ್ನೂರಿನೋರು ಹತ್ತು ಗಂಟಿಗೆ ಬರ್ತಾರೆ. ಗುಜರಿ ಅಂಗಡಿ ಇದ್ದಂಗೈತೆ ಇದು. ಅವ್ರ ಮುಂದ ನಮ್ದೊಂದು ಮರ್ಯಾದಿ ಬ್ಯಾಡೇನು?"

"ಅವ್ರಿಗೆ ಯಾರು ಹೇಳಿಕಳ್ಸಿದ್ದು?"

"ನಾನೇ. ತಾಳಿ ಕಟ್ಟಿದ ಗಂಡ ಇನ್ನೂ ಅದಾನಲ್ಲವ್ವ."

ಅಂಕಿತಾ ಸಡಿಲವಾದ ನಟ್ಟುಗಳನ್ನು ಮೊದಲು ಬಿಗಿ ಮಾಡಿದಳು. ಆಮೇಲೆ ಹೇಳಿದಳು: "ಅತ್ತಿ ತನ್ನ ಮನ್ಯಾಗ ಕುಂದ್ರತಾಳೆ. ರ‍್ಯಾಕು ಇವತ್ತೂ ಬಿಚ್ಚಂಗಿಲ್ಲ, ನಾಳೇನೂ ಬಿಚ್ಚಂಗಿಲ್ಲ."

ಬಾಗಿಲ ಬಳಿ ನಿಂತಿದ್ದ ಬಡೇಸಾಬ್ ಗಂಟಲು ಸರಿಮಾಡಿಕೊಂಡ. ಹರಿಹರದ ಕಾರ್ಖಾನೆಯ ಸ್ಟೋರಿನಲ್ಲಿ ಶಕುಂತಲಮ್ಮ ಗುಮಾಸ್ತೆಯಾಗಿದ್ದಾಗ ಅವನು ಅಲ್ಲಿ ಹೆಲ್ಪರ್. ಮೊದಲ ಬಸ್ಸಿಗೇ ಬಂದಿದ್ದ.

"ರ‍್ಯಾಕಿಗೇ ಆನಿಸಿ ಕುಂದ್ರಿಸ್ರಿ ಸಾವ್ಕಾರ್ರೆ. ಗ್ವಾಡಿ ಅಲ್ಲಾಡಿದ್ರೂ ಅದು ಅಲ್ಲಾಡಂಗಿಲ್ಲ."

ಹಾಗೇ ಮಾಡಿದರು. ಮಣೆ ಹಾಕಿ, ಕಂಬಳಿ ಹಾಸಿ ಕೂರಿಸಿದರು. ತಲೆ ವಾಲದಂತೆ ಕಟ್ಟಲು ಬೇರೆ ಕಡೆಯಾದರೆ ಗೋಡೆಗೆ ಮೊಳೆ ಹೊಡೆಯಬೇಕಿತ್ತು. ಇಲ್ಲಿ ಬಿಳಿ ಬಟ್ಟೆಯ ಪಟ್ಟಿಯನ್ನು ರ‍್ಯಾಕಿನ ತೂತಿನಲ್ಲಿ ತೂರಿಸಿ ಎಳೆದು ಗಂಟು ಹಾಕಿದರೆ ಸಾಕಾಯಿತು. ಶಕುಂತಲಮ್ಮ ನೆಟ್ಟಗೆ ಕೂತಳು.

*

ಆ ರ‍್ಯಾಕುಗಳನ್ನು ಅವಳು ಜೋಡಿಸಿದ್ದು ಕಾರ್ಖಾನೆ ಮುಚ್ಚಿದ ಮೇಲೆ. ಹರಿಹರದ ಗುಜರಿಯೊಂದರಲ್ಲಿ ನಮ್ಮ ಸ್ಟೋರಿನ ರ‍್ಯಾಕುಗಳು ಬಿದ್ದಿವೆ ಎಂದು ಬಡೇಸಾಬ್ ಬಂದು ಹೇಳಿದ. ಇಪ್ಪತ್ತು ವರ್ಷ ತಾನು ಬೇರಿಂಗು, ಬೋಲ್ಟು ಎಣಿಸಿಟ್ಟ ರ‍್ಯಾಕುಗಳು ಈಗ ತೂಕಕ್ಕೆ ಸಿಗುತ್ತಿದ್ದವು. ಹೊಸದರ ಕಾಲು ಭಾಗದ ಬೆಲೆಗೆ ಕೊಂಡು, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಳು.

ಸುದ್ದಿ ಕೇಳಿದ ಶಿವಯೋಗಪ್ಪ ಗಾಜಿನ ಬಾಗಿಲಿನ ಬೀರು ಕೊಡಿಸುತ್ತೇನೆ ಎಂದ. ಅವಳು ಒಲ್ಲೆ ಎಂದಳು. "ಬೀರು ಅಂದ್ರೆ ಬೀಗ ಬರ್ತೈತೆ. ನನ್ನವು ಕೈಗೆ ಸಿಗಬೇಕು."

ಹನ್ನೆರಡು ವರ್ಷದ ಅಂಕಿತಾ ಅವತ್ತು ಶಾಲೆಗೆ ಹೋಗದೆ ಅತ್ತೆಯ ಜೊತೆ ಕೂತಳು. ಮೊದಲ ದಿನ ಎಲ್ಲ ತಪ್ಪಾಯಿತು. ಒಂದೊಂದು ಮೂಲೆಯನ್ನೂ ಆಗಲೇ ಪೂರ್ತಿ ಬಿಗಿಯುತ್ತ ಹೋಗಿದ್ದರಿಂದ ರ‍್ಯಾಕು ಸೊಟ್ಟಗಾಯಿತು. ಮೂಲೆಗೆ ಹಾಕುವ ತ್ರಿಕೋನದ ತಗಡು ಗುಜರಿಯಲ್ಲಿ ಸಿಕ್ಕಿರಲಿಲ್ಲ. ಇಲ್ಲದಿದ್ದರೂ ನಡೆದೀತು ಎಂದುಕೊಂಡರು. ಭಾರದ ವಿಡಿಯೋ ಕ್ಯಾಸೆಟ್ಟುಗಳನ್ನೆಲ್ಲ ಮೇಲಕ್ಕೇ ಇಟ್ಟರು. ಮೂರನೇ ದಿನ ಇಡೀ ರ‍್ಯಾಕು ವಾಲಿ, ಶಕುಂತಲಮ್ಮನ ಪಾದದ ಮೇಲೆ ಬಿತ್ತು. ಎರಡು ಬೆರಳು ಮುರಿದವು.

"ಹೇಳಿದ್ನಿಲ್ಲೋ?" ಎಂದ ಶಿವಯೋಗಪ್ಪ, ಆಸ್ಪತ್ರೆಯಲ್ಲೇ. "ನಾಳೆ ಬೀರು ಕಳಿಸ್ತೀನಿ."

"ನಿನ್ನ ಬೀರು ನಿನ್ನ ಮನ್ಯಾಗಿರ್ಲಿ. ಬಿದ್ದದ್ದು ನನ್ನ ರ‍್ಯಾಕು. ಎತ್ತೋಳೂ ನಾನೇ."

ಮರುದಿನ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಎಲ್ಲವನ್ನೂ ಬಿಚ್ಚಿಸಿದಳು. ಬಡೇಸಾಬ್ ಹಳೆಯ ಟ್ರಂಕಿನ ತಗಡು ಕತ್ತರಿಸಿ ತ್ರಿಕೋನ ಮಾಡಿಕೊಟ್ಟ. "ನಟ್ಟೆಲ್ಲ ಮೊದ್ಲು ಕೈಲೇ ಹಾಕವ್ವ ಅಂಕಿ. ನಾಕೂ ಕಾಲು ನೆಲಕ್ಕೆ ಕುಂತಾವೋ ನೋಡು. ಆಮ್ಯಾಲೆ ಬಿಗಿ," ಎಂದ. ಕ್ಯಾಸೆಟ್ಟನ್ನು ನಿಲ್ಲಿಸಿ ಅಳೆದು ತಟ್ಟೆಗಳ ನಡುವಿನ ಅಂತರ ಗೊತ್ತುಮಾಡಿದರು. ಭಾರದವೆಲ್ಲ ಕೆಳಗೆ ಹೋದವು. ಕೊನೆಗೆ ಬಡೇಸಾಬ್ ಜೋತುಬಿದ್ದು ಅಲ್ಲಾಡಿಸಿ ನೋಡಿದ. ಕಬ್ಬಿಣ ಕಿರುಗುಟ್ಟಲಿಲ್ಲ.

ಅಂಕಿತಾ ಪಿ.ಯು. ಮುಗಿಸಿ ಐ.ಟಿ.ಐ.ನಲ್ಲಿ ಫಿಟ್ಟರ್ ಕೋರ್ಸು ತೆಗೆದುಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಬೇಡವೆಂದರು. ಅರ್ಜಿ ತುಂಬಿಸಲು ಜೊತೆಗೆ ಹೋದವಳು ಅತ್ತೆ. ಈಗ ಅಂಕಿತಾ ಅದೇ ಐ.ಟಿ.ಐ.ನಲ್ಲಿ ಪಾಠ ಹೇಳುತ್ತಾಳೆ.

*

ಹತ್ತೂವರೆಗೆ ಮಲೆಬೆನ್ನೂರಿನ ಕಾರು ಬಂತು. ಕರಿಬಸಪ್ಪ ಕೋಲೂರಿಕೊಂಡು ಇಳಿದ. ಎಪ್ಪತ್ತೈದು ದಾಟಿತ್ತು. ಜೊತೆಗೆ ಎರಡನೇ ಹೆಂಡತಿಯ ಮಗ ಸಂತೋಷ, ಕೈಯಲ್ಲಿ ದೊಡ್ಡ ಹಾರ.

ಭಜನೆಯವರು ನಿಲ್ಲಿಸಿದರು. ಶಿವಯೋಗಪ್ಪ ಎದ್ದು, "ಬರ್ರಿ ಭಾವ, ಕೂಡ್ರಿ," ಎಂದ. ಕರಿಬಸಪ್ಪ ಕೂರಲಿಲ್ಲ. ಹೆಂಡತಿಯ ಮುಖವನ್ನು ನೋಡಿದ. ಅವಳ ಹಿಂದಿನ ರ‍್ಯಾಕುಗಳನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದ.

"ಇದಕ್ಕೇ ನನ್ನ ಬಿಟ್ಟು ಬಂದ್ಲೇನು?"

ಶಿವಯೋಗಪ್ಪ ತಲೆ ತಗ್ಗಿಸಿದ. ಅಂಕಿತಾ ಅತ್ತೆಯ ಪಕ್ಕದಿಂದ ಎದ್ದು ನಿಂತಳು.

"ಹೌದ್ರಿ. ಇದಕ್ಕೇ."

ಮುದುಕ ಕೋಲನ್ನು ಕೈ ಬದಲಿಸಿದ. "ಇಷ್ಟೊಂದು ಅಂತ ಗೊತ್ತಿರ್ಲಿಲ್ಲ," ಎಂದು ಮೆಲ್ಲಗೆ ಹೇಳಿ, ಹೊರಗೆ ಹೋಗಿ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತ.

*

ಮದುವೆಯಾದ ಮೂರನೇ ವರ್ಷ ಅದು. ತವರಿನಿಂದ ಬಂದ ಟೇಪ್ ರೆಕಾರ್ಡರನ್ನು ಶಕುಂತಲಮ್ಮ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಹಿತ್ತಿಲಲ್ಲಿ ಸಣ್ಣಗೆ ಹಚ್ಚಿಕೊಳ್ಳುತ್ತಿದ್ದಳು. ಸೊಸೆ ಹಾಡು ಕೇಳುತ್ತ ಕೂರುತ್ತಾಳೆ ಎಂದು ಕರಿಬಸಪ್ಪನ ತಾಯಿ ದೂರಿದಳು. ಒಂದು ದಿನ ಗದ್ದೆಯಿಂದ ಬಂದ ಕರಿಬಸಪ್ಪ ಅವಳ ಆರು ಕ್ಯಾಸೆಟ್ಟುಗಳನ್ನೂ ಬಚ್ಚಲ ಒಲೆಗೆ ಹಾಕಿದ. ಪ್ಲಾಸ್ಟಿಕ್ಕಿನ ಕರಿ ಹೊಗೆ ಮನೆಯೆಲ್ಲ ತುಂಬಿತು. ಅವಳು ಅಳಲಿಲ್ಲ. ಆ ಒಲೆಯ ಮೇಲೆ ಕಾದ ನೀರಿನಲ್ಲಿ ಸ್ನಾನವನ್ನೂ ಮಾಡಲಿಲ್ಲ. ಬೆಳಿಗ್ಗೆ ಟೇಪ್ ರೆಕಾರ್ಡರೊಂದನ್ನೇ ಹಿಡಿದು ಬಸ್ಸು ಹತ್ತಿ ತವರಿಗೆ ಬಂದಳು.

ಅಪ್ಪ ಎಂಟು ದಿನ ಇರಿಸಿಕೊಂಡು, ಗಂಡನ ಮನೆಗೆ ಬಿಟ್ಟು ಬಾ ಎಂದು ಹದಿನೆಂಟರ ಶಿವಯೋಗಪ್ಪನನ್ನು ಜೊತೆಮಾಡಿದ. ಹರಿಹರದಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿದವಳು ಮತ್ತೆ ಹತ್ತಲಿಲ್ಲ.

"ಹೊಡೆದ್ನೇನಕ್ಕ ಅವ?" ಎಂದು ತಮ್ಮ ಗೋಗರೆದ. "ಹೊಡದಿಲ್ಲ ಅಂದ್ಮ್ಯಾಲೆ ಯಾಕ ಹಿಂಗ ಮಾಡ್ತಿ?"

"ಹೊಡೀಲಿಲ್ಲ. ನಾನು ಕೇಳೋದನ್ನ ಸುಟ್ಟ. ನನಗಷ್ಟು ಸಾಕು. ನೀನು ಊರಿಗೆ ಹೋಗು."

ಆ ವಾರವೇ ಕಾರ್ಖಾನೆಯ ಗೇಟಿನ ಮುಂದೆ ಕೆಲಸ ಕೇಳಲು ಸಾಲಿನಲ್ಲಿ ನಿಂತಳು. ತಮ್ಮ ಮಾತ್ರ ಒಬ್ಬನೇ ಮನೆಗೆ ಹೋಗಿ ಅಪ್ಪನಿಂದ ಏಟು ತಿಂದ. ಅದನ್ನವನು ಅಕ್ಕನಿಗೆ ಎಂದೂ ಹೇಳಲಿಲ್ಲ.

*

ರುದ್ರಭೂಮಿ ಮುಟ್ಟಿದಾಗ ನಾಲ್ಕು ಗಂಟೆ. ಗುಂಡಿ ತೋಡಿ, ಒಂದು ಬದಿಗೆ ಕೂರಿಸುವ ಗೂಡು ಕೊರೆದು, ಸೆಗಣಿ ಸಾರಿಸಿದ್ದರು. ಶಕುಂತಲಮ್ಮನನ್ನು ಕೂರಿಸಿ ತಂದ ಹೂವಿನ ವಿಮಾನ ಇಳಿಸಿದ ಮೇಲೆ, ಕ್ರಿಯೆ ಮಾಡಿಸುವ ಅಯ್ಯನೋರು ಸುತ್ತ ನೋಡಿದರು.

"ಕೆಳಗ ಯಾರು ಇಳೀತೀರಿ? ಗಂಡನ ಕಡೆಯೋರು ಬರ್ರಿ."

ಸಂತೋಷ ಅಂಗಿಯ ಗುಂಡಿ ಬಿಚ್ಚತೊಡಗಿದ. ಇವತ್ತಿಗೆ ಮೊದಲು ಅವನು ಶಕುಂತಲಮ್ಮನ ಮುಖ ಕಂಡವನಲ್ಲ.

"ಅಣ್ಣಾರೆ, ನೀವಿರ್ರಿ," ಎಂದಳು ಅಂಕಿತಾ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ಯಾರೂ ತಡೆಯುವ ಮುಂಚೆ ಗುಂಡಿಗೆ ಇಳಿದುಬಿಟ್ಟಳು.

ಗುಜುಗುಜು ಎದ್ದಿತು. "ಹೆಣ್ಮಗಳು ಇಳಿಯೋ ಪದ್ಧತಿ ಇಲ್ಲವ್ವ," ಎಂದರು ಅಯ್ಯನೋರು. "ಮ್ಯಾಲೆ ಬಾ."

"ಹದಿನೈದು ದಿನ ಆಸ್ಪತ್ರ್ಯಾಗ ಎತ್ತಿ ಕುಂದ್ರಿಸಿದೋಳು ನಾನೇ ಅಜ್ಜಾರೆ. ಆವಾಗ ಯಾರೂ ಪದ್ಧತಿ ಕೇಳ್ಲಿಲ್ಲ. ಕೊಡ್ರಿ."

"ಯಜಮಾನ್ರೆ, ನೀವಾದ್ರೂ ಹೇಳ್ರಿ ಮಗಳಿಗೆ."

ಎಲ್ಲರೂ ಶಿವಯೋಗಪ್ಪನ ಕಡೆ ತಿರುಗಿದರು. ಅವನು ಕರಿಬಸಪ್ಪನನ್ನು ನೋಡಿದ. ಮುದುಕ ಕೋಲೂರಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಶಿವಯೋಗಪ್ಪ ಹೆಗಲ ಮೇಲಿನ ಶಲ್ಯ ತೆಗೆದು ಪಕ್ಕದವರ ಕೈಗೆ ಕೊಟ್ಟ. ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲೇ ಹಸಿಮಣ್ಣಿನಲ್ಲಿ ಮಂಡಿಯೂರಿ, ಅಕ್ಕನ ಕಂಕುಳಿಗೆ ಎರಡೂ ಕೈ ಹಾಕಿದ.

"ನಿಂತೀಯೇನವ್ವ ಗಟ್ಟಿಯಾಗಿ?"

"ನಿಂತೀನಿ ಅಪ್ಪಾಜಿ."

"ಭಾರ ಐತೆ. ತಲಿ ಹುಷಾರು."

ಗುಂಡಿಯೊಳಗಿಂದ ಬಳೆಯಿಲ್ಲದ ಎರಡು ಕೈಗಳು ಮೇಲಕ್ಕೆ ಚಾಚಿದವು. ಅವನು ಬಾಗಿದ, ಇನ್ನೂ ಬಾಗಿದ, ಎದೆ ಮಣ್ಣಿಗೆ ತಾಗುವಷ್ಟು ಬಾಗಿದ. ಅಕ್ಕನ ಭಾರ ಮಗಳ ತೋಳಿಗೆ ದಾಟಿದ ಮೇಲೂ ಕೈ ಬಿಡದೆ ಹಾಗೇ ಇದ್ದ.