ಹತ್ತು ನಿಮಿಷ ಮುಂದೆ

ನಮ್ಮ ಮನೆಯ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದಿದ್ದವು. ಮದುವೆಯಾದ ಮೊದಲ ವರ್ಷವೇ ನಾನು ಮಾಡಿದ ಏರ್ಪಾಡು ಅದು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ನಾನು, ಗಂಟೆ ಬಾರಿಸುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ನಮ್ಮ ಯಜಮಾನರೋ, ತಮ್ಮ ಮದುವೆಗೇ ತಡವಾಗಿ ಬಂದ ಪುಣ್ಯಾತ್ಮ. ಅವರ ಕೈಗಡಿಯಾರವನ್ನೂ ಹತ್ತು ನಿಮಿಷ ಮುಂದಕ್ಕೆ ಇಟ್ಟೆ. ಒಂದೇ ವಾರದಲ್ಲಿ ಗುಟ್ಟು ರಟ್ಟಾಯಿತು. ಅಂದಿನಿಂದ ಅವರು ಗಡಿಯಾರ ನೋಡುವುದು, ಮನಸ್ಸಿನಲ್ಲೇ ಹತ್ತು ಕಳೆಯುವುದು, ಮತ್ತೆ ತಡವಾಗಿಯೇ ಬರುವುದು. ಮುಳ್ಳನ್ನು ಹಿಂದಕ್ಕೆ ತಿರುಗಿಸಲು ನನಗೆ ಮನಸ್ಸು ಬರಲಿಲ್ಲ, ತಿರುಗಿಸು ಎಂದು ಅವರೂ ಕೇಳಲಿಲ್ಲ.

ಅವರದು ಕನ್ನಡಕದ ಅಂಗಡಿ. ವಾರದಲ್ಲಿ ಆರು ದಿನ ಊರಿನವರ ಕಣ್ಣು ನೋಡುತ್ತಾರೆ, ಏಳನೆಯ ದಿನ ಆಕಾಶ ನೋಡುತ್ತಾರೆ. ಊರಾಚೆಯ ಹುಲ್ಲಿನ ಮೈದಾನದಲ್ಲಿ, ತಗಡಿನ ಶೆಡ್ಡಿನೊಳಗೆ, ಅವರದೊಂದು ಎರಡು ಸೀಟಿನ ವಿಮಾನವಿದೆ. ನನಗಿಂತ ಎರಡು ವರ್ಷ ಹಿರಿಯದು. ಎಡಗಡೆಯ ಬಾಗಿಲನ್ನು ಎರಡು ಸಲ ಎಳೆದರೆ ಮಾತ್ರ ಮುಚ್ಚುತ್ತದೆ. ನಾನು ಅದನ್ನು ಹತ್ತಿದ್ದು ಒಂದೇ ಸಲ. ಇಳಿದ ಮೇಲೂ ಎರಡು ದಿನ ನನಗೆ ಮನೆಯ ನೆಲ ತೂಗಾಡುತ್ತಿತ್ತು.

ಅವರು ಹಾರುವ ದಿನ ನಾನು ಬಟ್ಟೆ ಮಡಚುವ ನೆಪದಲ್ಲಿ ಫೋನಿನ ಪಕ್ಕ ಕೂರುತ್ತೇನೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತೇನೆ. ಸ್ಕೂಟರಿನ ಸದ್ದು ಕೇಳಿದ್ದೇ ತಡ, ಎದ್ದು ಅಡುಗೆಮನೆ ಸೇರಿ, ಸಾರು ಆರಿ ತಣ್ಣಗಾಯಿತು ಎಂದು ಸಿಡುಕುತ್ತೇನೆ. ನನಗೆ ಹೆದರಿಕೆ ಎಂದು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಈ ವರ್ಷ ವಿಮಾನಗಳ ಕಚೇರಿಯಿಂದ ಸುತ್ತೋಲೆ ಬಂತು. ಮುಂದಿನ ತಿಂಗಳಿಂದ ಬೀಕನ್ ಇಲ್ಲದ ಸಣ್ಣ ವಿಮಾನ ನೆಲ ಬಿಟ್ಟು ಏಳುವಂತಿಲ್ಲ. ಬೀಕನ್ ಎಂದರೆ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ವಿಮಾನ ಎಲ್ಲಾದರೂ ಬಿದ್ದರೆ ಅದು ತಾನಾಗಿಯೇ ಕೂಗಿಕೊಳ್ಳುತ್ತದೆ, ಆ ಕೂಗು ನೇರವಾಗಿ ರಕ್ಷಣಾ ಕೇಂದ್ರಕ್ಕೆ ಮುಟ್ಟುತ್ತದೆ. ಶೆಡ್ಡಿನ ಮೆಕ್ಯಾನಿಕ್, ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವವನು, ಅದಕ್ಕೆ ಕೂಗುಮಾರಿ ಎಂದು ಹೆಸರಿಟ್ಟಿದ್ದ. ಕೂಗುಮಾರಿಯ ಬೆಲೆ ಕೇಳಿ ಯಜಮಾನರ ಮುಖ ಸಪ್ಪೆಯಾಯಿತು. ನನ್ನ ಹೊಸ ಅಡುಗೆಮನೆಗೆಂದು ಎತ್ತಿಟ್ಟ ದುಡ್ಡಷ್ಟೂ ಅದಕ್ಕೇ ಬೇಕು.

ಎರಡು ದಿನ ಲೆಕ್ಕ ಹಾಕುತ್ತ ಓಡಾಡಿದರು. ಮೂರನೆಯ ದಿನ, ವಿಮಾನ ಮಾರುತ್ತೇನೆ, ನಿನ್ನ ಕಪಾಟಿನ ಬಾಗಿಲು ಎಷ್ಟು ವರ್ಷದಿಂದ ಜೋತಾಡುತ್ತಿದೆ ನೋಡು ಎಂದರು. ನಾನು ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಸುಳ್ಳೇಕೆ, ನನಗೆ ಎದೆಯ ಮೇಲಿನ ಭಾರ ಇಳಿದಂತಾಗಿತ್ತು.

ಕೊಳ್ಳುವವರು ಪಕ್ಕದ ಊರಿನವರು. ವಿಮಾನವನ್ನು ಅಲ್ಲಿಗೇ ಹಾರಿಸಿಕೊಂಡು ಹೋಗಿ ಒಪ್ಪಿಸಬೇಕು. ಅಷ್ಟರಲ್ಲಿ ಹೊಸ ತಿಂಗಳು ಬಂದಿತ್ತು, ಬೀಕನ್ ಇಲ್ಲದೆ ಆ ಒಂದು ಹಾರಾಟಕ್ಕೂ ಅಪ್ಪಣೆಯಿಲ್ಲ. ಸ್ಪ್ಯಾನರ್ ಎಲ್ಲಿಂದಲೋ ಒಂದನ್ನು ಕಡ ತಂದು ಕೂರಿಸಿದ. ಯಜಮಾನರು ಅದರ ಫಾರಂ ತುಂಬಿ ಕಳಿಸಿದರು. ಏಳುವ ಮೊದಲು ಅದನ್ನು ಮೂರು ಸಲ ಕೂಗಿಸಿ ನೋಡಬೇಕು. ಆ ಪರೀಕ್ಷೆಯನ್ನು ಪ್ರತಿ ಗಂಟೆಯ ಮೊದಲ ಐದು ನಿಮಿಷದಲ್ಲೇ ಮಾಡಬೇಕು. ಬೇರೆ ಹೊತ್ತಿನಲ್ಲಿ ಕೂಗಿದರೆ ನಿಜವಾದ ಅಪಾಯ ಎಂದೇ ಲೆಕ್ಕ. ಹನ್ನೊಂದಕ್ಕೆ ಕೂಗಿಸಿ, ಕೂಡಲೇ ಹೊರಡುವುದೆಂದು ಮಾತಾಗಿತ್ತು.

ಕೊಳ್ಳುವವರು ಹೊತ್ತು ತಪ್ಪದ ಮನುಷ್ಯರಂತೆ. ಇವರು ತಡಮಾಡಿ ವ್ಯಾಪಾರ ಕೈತಪ್ಪಿದರೆ ಎಂದು ನನಗೆ ದಿಗಿಲು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ, ಹತ್ತು ಕಳೆದರೂ ಹತ್ತು ಉಳಿಯಲಿ ಎಂದು, ಅವರ ಕೈಗಡಿಯಾರವನ್ನು ಇನ್ನೂ ಹತ್ತು ನಿಮಿಷ ಮುಂದಕ್ಕೆ ತಳ್ಳಿಬಿಟ್ಟೆ.

ಅಡುಗೆಮನೆಯ ಗಡಿಯಾರ ಹನ್ನೊಂದೂ ಎರಡು ತೋರಿಸುತ್ತಿತ್ತು, ಅಂದರೆ ಹತ್ತೂ ಐವತ್ತೆರಡು. ಫೋನ್ ಬಡಿದುಕೊಂಡಿತು. ರಕ್ಷಣಾ ಕೇಂದ್ರದಿಂದ ಒಬ್ಬ ಹೆಣ್ಣುಮಗಳು.

"ಅಮ್ಮಾ, ನಿಮ್ಮ ಯಜಮಾನರ ವಿಮಾನದಿಂದ ಅಪಾಯದ ಸಿಗ್ನಲ್ ಬರ್ತಾ ಇದೆ. ಅವರು ಈಗ ಎಲ್ಲಿದಾರೆ, ಗೊತ್ತಾ?"

ಬೇರೆ ದಿನವಾಗಿದ್ದರೆ, ಅವರು ಇನ್ನೂ ಟೀ ಕುಡಿಯುತ್ತಿರುತ್ತಾರೆ ಎಂದು ನಕ್ಕುಬಿಡುತ್ತಿದ್ದೆ. ಇವತ್ತು ಮಾತ್ರ ಹೊತ್ತಿಗೆ ಮುಂಚೆ ಮೇಲೆ ಹೋಗಿರಬಹುದು, ಕಳಿಸಿದವಳು ನಾನೇ. ಗೊತ್ತಿಲ್ಲ ಎಂದೆ. ಅವಳು ಫೋನ್ ಇಡಬೇಡಿ ಎಂದಳು. ಮೈದಾನಕ್ಕೆ ಇನ್ನೊಂದು ಫೋನಿನಲ್ಲಿ ಕರೆ ಮಾಡುತ್ತಿದ್ದಾರಂತೆ. ನನ್ನ ಉಸಿರಾಟ ಕೇಳಿಸಿತೋ ಏನೋ, ಮಾತನಾಡುತ್ತಲೇ ಇದ್ದಳು.

"ನೀವು ಫೋನ್ ಎತ್ತೇ ಎತ್ತುತ್ತೀರಿ ಅಂತ ಗೊತ್ತಿತ್ತಮ್ಮ. ಅವರು ಫಾರಂನಲ್ಲಿ ಬರೆದಿದಾರೆ ನೋಡಿ. 'ಹೆಂಡತಿಗೆ ತಿಳಿಸಿ. ನಾನು ಮೇಲಿದ್ದಷ್ಟು ಹೊತ್ತೂ ಅವಳು ಫೋನ್ ಪಕ್ಕದಲ್ಲೇ ಕೂತಿರ್ತಾಳೆ' ಅಂತ."

ನನ್ನ ತೊಡೆಯ ಮೇಲೆ ಅವರ ಅಂಗಿಯಿತ್ತು, ಮೂರನೆಯ ಸಲ ಮಡಚಿದ್ದು. ಅದನ್ನು ಹಿಡಿದುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಅವಳ ದನಿ ಹಗುರಾಯಿತು. ವಿಮಾನ ಶೆಡ್ಡಿನ ಮುಂದೆ ನೆಲದ ಮೇಲೇ ಇದೆಯಂತೆ. ಹನ್ನೊಂದಾಯಿತೆಂದು ಪರೀಕ್ಷೆಗೆ ಇಳಿದಿದ್ದರಂತೆ. ನಾನು ಅತ್ತೆ, ನಕ್ಕೆ, ಎರಡೂ ಒಟ್ಟಿಗೇ. ಆಮೇಲೆ ಗಡಿಯಾರದ ಕಥೆಯನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ರಿಜಿಸ್ಟರಿನಲ್ಲಿ ಏನಾದರೊಂದು ಕಾರಣ ಬರೆಯಲೇಬೇಕಲ್ಲ ಎಂದು ಅವಳು ತಡವರಿಸಿದಳು. ಹೆಂಡತಿ ಅಂತ ಬರ್ಕೊಳ್ಳಮ್ಮ ಎಂದೆ.

ಪಕ್ಕದ ಮನೆಯವರ ಸೈಕಲ್ ಇಸಿದುಕೊಂಡು ಮೈದಾನಕ್ಕೆ ಹೋದೆ. ಯಜಮಾನರು ವಿಮಾನದ ನೆರಳಿನಲ್ಲಿ, ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಕೂತಿದ್ದರು. ನನ್ನನ್ನು ಕಂಡ ಸ್ಪ್ಯಾನರ್ ಶೆಡ್ಡಿನೊಳಗೆ ಮಾಯವಾದ. ಅವರ ಪಕ್ಕ ಹುಲ್ಲಿನ ಮೇಲೆ ಕೂತು, ಫೋನ್ ಪಕ್ಕ ಕೂರುವುದು ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಮೊದಲಿಂದಲೂ ಗೊತ್ತು ಕಣೇ," ಎಂದರು. "ನಾನು ಹಾರಿ ಬಂದ ದಿನವೆಲ್ಲ ನೀನು ಒಂದೇ ಅಂಗಿ ಮಡಚಿಟ್ಟಿರ್ತಿದ್ದೆ. ಹೊಸ ಅಡುಗೆಮನೆ ಬರೀ ನೆಪ. ನೀನು ಹೀಗೆ ಕೂತಿರೋದು ಇನ್ನು ಸಾಕು ಅನ್ನಿಸ್ತು, ಅದಕ್ಕೇ ಮಾರೋಣ ಅಂದೆ."

ಇಷ್ಟು ವರ್ಷದ ಗುಟ್ಟು ಹೀಗೆ ಬಯಲಾದದ್ದಕ್ಕೆ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು.

"ರೀ, ಇಷ್ಟು ದಿನ ನಾನೊಬ್ಬಳೇ ಕೂತಿದ್ದೆ," ಎಂದೆ. "ಈಗ ಆ ರಕ್ಷಣಾ ಕೇಂದ್ರದಲ್ಲೂ ಒಬ್ಬಳು ಕೂತಿದಾಳೆ. ನನಗಿಂತ ಚೆನ್ನಾಗಿ ಕಿವಿ ಕೊಡ್ತಾಳೆ. ವಿಮಾನ ಮಾರೋದು ಬೇಡ, ಅಡುಗೆಮನೆ ದುಡ್ಡಲ್ಲಿ ಆ ಪೆಟ್ಟಿಗೆ ಕೊಂಡುಬಿಡೋಣ. ನನ್ನ ಕಪಾಟಿಗೆ ಒಂದು ತಿರುಪು ಸಾಕು."

ತಿರುಪನ್ನು ಸ್ಪ್ಯಾನರ್ ಮರುದಿನವೇ ಬಂದು ಹಾಕಿದ. "ವಿಮಾನದ್ದೇ ಒಂದು ತಿರುಪು, ಅತ್ತಿಗೆ, ಇನ್ನು ನೂರು ವರ್ಷ ಅಲ್ಲಾಡಲ್ಲ," ಎಂದ. ಕೊಳ್ಳುವವರಿಗೆ ಯಜಮಾನರು ಕ್ಷಮೆ ಕೇಳಿ ಪತ್ರ ಬರೆದರು. ಕೂಗುಮಾರಿಯ ಪರೀಕ್ಷೆಗೆ ಮಾತ್ರ ಅವರ ಕೈಗಡಿಯಾರ ನಡೆಯುವುದಿಲ್ಲ. ಸ್ಪ್ಯಾನರ್ ಶೆಡ್ಡಿನ ಗೋಡೆಗೆ ಬೇರೆಯೇ ಗಡಿಯಾರ ತೂಗುಹಾಕಿದ್ದಾನೆ.

ಮನೆಯ ಗಡಿಯಾರಗಳನ್ನೆಲ್ಲ ನಾನು ಸರಿಯಾದ ಹೊತ್ತಿಗೆ ತಿರುಗಿಸಿಟ್ಟೆ. ಅವರ ಕೈಗಡಿಯಾರವನ್ನೂ ಸರಿಮಾಡಿ, ಮಾಡಿದ್ದೇನೆಂದು ಬಾಯಿಬಿಟ್ಟೇ ಹೇಳಿದೆ. ಹೇಳಿ ಏನು ಫಲ? ಅಭ್ಯಾಸಬಲ, ಈಗಲೂ ಗಡಿಯಾರ ನೋಡಿ ಹತ್ತು ಕಳೆಯುತ್ತಾರೆ. ಹಾಗಾಗಿ ಪ್ರತಿ ಭಾನುವಾರ ಊಟಕ್ಕೆ ಹತ್ತು ನಿಮಿಷ ತಡ. ಮೊನ್ನೆಯೂ ತಡವಾಗಿಯೇ ಬಂದರು. ಸ್ಕೂಟರಿನ ಸದ್ದಿಗೆ ನನಗೆ ಎಚ್ಚರವಾಯಿತು. ಮಡಚದ ಬಟ್ಟೆಯ ರಾಶಿಗೆ ತಲೆಯಿಟ್ಟು ನಾನು ನಿದ್ದೆ ಹೋಗಿದ್ದೆ.