ಅರ್ಧ ಸೂತು

ಬ್ರಹ್ಮಪುರದ ಆ ಖಾಸಗಿ ಸಂಗ್ರಹಾಲಯದಲ್ಲಿ ಅದರ ಮೇಲ್ವಿಚಾರಕ ಗುರುಪ್ರಸಾದ ಪಿಸ್ತೂಲಿನ ಮುಂದೆ ಬರೆದಿಟ್ಟ ಚೀಟಿಯನ್ನು ಎಂಬತ್ತರ ಭೀಮಶಾ ಎರಡು ಸಲ ಓದಿದ: ‘ವಿದೇಶಿ ಪಿಸ್ತೂಲಿನ ಒರಟು ನಕಲು.’ ನಾಳೆ ಬಾಗಿಲು ತೆರೆದರೆ ಊರೆಲ್ಲ ಓದುವುದು ಇದನ್ನೇ. ಅಪ್ಪ ಮರೆಪ್ಪ ಮಿಸ್ತ್ರಿಯ ಹೆಸರು ಎಲ್ಲಿಯೂ ಇರಲಿಲ್ಲ.

ನಿಜಾಮರ ಕಾಲದಲ್ಲಿ ಜಾಗೀರದಾರನೊಬ್ಬನಿಗಾಗಿ ಅಪ್ಪ ಕಮಲಾಪುರದ ಕುಲುಮೆಯಲ್ಲಿ ಮಾಡಿದ ಒಂದೇ ಒಂದು ಪಿಸ್ತೂಲು ಅದು. ಈಗ ಅದರ ಕೊಳವೆಗೆ ಸೀಸ ಹೊಯ್ದು ಮುಚ್ಚಿದ್ದರು. ಬೇರೆ ಪಿಸ್ತೂಲುಗಳಲ್ಲಿ ಗುಂಡು ಹಾರಿದೊಡನೆ ಮೇಲಿನ ಭಾಗ ಹಿಂದಕ್ಕೆ ಸರಿಯುತ್ತದೆ. ಇದರಲ್ಲಿ ಕೊಳವೆಯೇ ಮುಂದಕ್ಕೆ ಜಿಗಿದು, ಸ್ಪ್ರಿಂಗಿನ ಬಲದಿಂದ ಮರಳುವಾಗ ಮುಂದಿನ ಗುಂಡನ್ನು ಒಳಗೆ ತೆಗೆದುಕೊಳ್ಳುತ್ತಿತ್ತು.

“ಇಂಥಾದ್ದು ಯುರೋಪಿನಾಗ ಮದಲೇ ಮಾಡ್ಯಾರ, ಮುತ್ಯಾ. ಕುಡಗೋಲು ಹಣಿಯೋ ಕುಲುಮ್ಯಾಗ ಹೊಸ ಪಿಸ್ತೂಲ ಹುಟ್ಟತದೇನು?” ಎಂದ ಗುರುಪ್ರಸಾದ.

“ಅಲ್ಲಿ ಮಾಡಿರಬಹುದು. ನಮ್ಮಪ್ಪ ಅದನ್ನ ಎಲ್ಲಿ ನೋಡಿದ್ದ?”

“ಜಾಗೀರದಾರ ತೋರಿಸಿರ್ತಾನ. ನೋಡಿ ಮಾಡ್ಲಿಕ್ಕೂ ಬಂದಿಲ್ಲ. ನಿಮ್ಮ ಮಿಸ್ತ್ರಿ ಲೆಕ್ಕದಾಗೇ ಇದರ ಭಾಗಗಳ ಅಳತಿ ಹೇಳ್ತೀನಿ, ಕೇಳ್ರಿ: ಎರಡೂವರಿ ಸೂತು, ಮೂರೂವರಿ, ಆರೂವರಿ, ಒಂಬತ್ತೂವರಿ. ಒಂದರೆ ನೆಟ್ಟಗದೇನು?”

ಸೂತೆಂದರೆ ಇಂಚಿನ ಎಂಟನೆಯ ಒಂದು ಪಾಲು. ಎಲ್ಲದರಲ್ಲೂ ಇದ್ದ ಆ ಅರ್ಧವನ್ನು ಭೀಮಶಾ ಗಮನಿಸಿದ. ತಪ್ಪು ಒಂದೊಂದು ಕಡೆ ಒಂದೊಂದಾಗಿದ್ದರೆ ಅದು ಕೈಯದು; ಎಲ್ಲ ಕಡೆ ಒಂದೇ ಆಗಿದ್ದರೆ ಅಳತೆಪಟ್ಟಿಯದು. ಪ್ರದರ್ಶನಕ್ಕೆ ಕೊಡಲೆಂದು ತಂದಿದ್ದ ಅಪ್ಪನ ಹಿತ್ತಾಳೆಯ ಪಟ್ಟಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಬಡಿದಿಟ್ಟ.

“ತುದಿ ಅಳೀರಿ, ಸಾಹೇಬ್ರ.”

ಗುರುಪ್ರಸಾದ ಅಳೆದ. ಸವೆದು ಸವೆದು ಪಟ್ಟಿಯ ತುದಿ ಸರಿಯಾಗಿ ಅರ್ಧ ಸೂತು ಕಡಿಮೆಯಾಗಿತ್ತು.

“ಈ ಪಟ್ಟಿ ಮೂರು ಅಂತ ತೋರಿಸಿದ್ದು ಖರೇ ಎರಡೂವರಿ. ಈಗ ಎಲ್ಲಾಕೂ ಅರ್ಧ ಕೂಡಿಸ್ರಿ. ಮೂರು, ನಾಕು, ಏಳು, ಹತ್ತು. ನಕಲು ಹೊಡಿಯಾಂವಗ ಮಂದಿ ಪಿಸ್ತೂಲಿನ ಅಳತಿ ಸಿಗ್ತಾವ, ಅವು ಸೂತಿನಾಗ ಇಡೀ ಅಂಕಿ ಬರಂಗಿಲ್ಲ, ಚೂರುಪಾರು ಉಳಿದೇ ಉಳಿತಾವ. ಇವು ನಮ್ಮಪ್ಪ ತನ್ನ ಪಟ್ಟಿ ಮ್ಯಾಲ ಎಣಿಸಿ ಇಟ್ಟ ಇಡೀ ಅಂಕಿ. ಪಟ್ಟಿ ಸವದದ್ದು ಅವಗ ಗೊತ್ತಿದ್ದಿಲ್ಲ, ಅಷ್ಟೇ.”

“ಭಾಳ ಶಾಣ್ಯಾ ಇದ್ದೀರಿ.”

“ನಾ ಅಲ್ಲ. ಅಂವ.”

ಗುರುಪ್ರಸಾದ ಹಲ್ಲು ಕಚ್ಚಿ ಚೀಟಿ ಹರಿದ. “ಆತು. ಆ ಪಟ್ಟಿ ಇಲ್ಲೇ ಬಿಡ್ರಿ. ಪಿಸ್ತೂಲಿನ ಬಾಜೂಕ ಇಡಬೇಕು.”

ಭೀಮಶಾ ಪಟ್ಟಿಯನ್ನು ಚೀಲಕ್ಕೆ ಹಾಕಿ, ಅದರ ಬಾಯಿಗೆ ಗಂಟು ಬಿಗಿದ.

“ನಮ್ಮಪ್ಪನ ಹೆಸರಿನ ಬಾಜೂಕ ಇಡ್ತೀನಿ. ಮದಲ ಬರೀರಿ.”